ಆನ್ಯುಟಿಯ ಒಳಲೆಕ್ಕ: ಆಯುಷ್ಯಕ್ಕೆ ಬೆಲೆ ಕಟ್ಟುವ ಬಗೆ

ನಿವೃತ್ತಿಯ ಹೊತ್ತಿಗೆ ಕೈಗೆ ಬಂದ ಇಡುಗಂಟನ್ನು ವಿಮಾ ಸಂಸ್ಥೆಯೊಂದಕ್ಕೆ ಒಪ್ಪಿಸಿ, ಅದಕ್ಕೆ ಪ್ರತಿಯಾಗಿ ಬದುಕಿರುವವರೆಗೂ ವರ್ಷ ವರ್ಷವೂ ನಿಗದಿತ ಮೊತ್ತವನ್ನು ಪಡೆಯುವ ಒಪ್ಪಂದಕ್ಕೆ ಆನ್ಯುಟಿ ಎಂದು ಹೆಸರು. ವರ್ಷಾಶನ ಎಂಬ ಹಳೆಯ ಮಾತೂ ಇದಕ್ಕೆ ಸಲ್ಲುತ್ತದೆ. 10 ಲಕ್ಷ ಕೊಟ್ಟವರಿಗೆ ವರ್ಷಕ್ಕೆ 85 ಸಾವಿರ ಸಿಗುತ್ತದೆ ಎಂದು ಸಂಸ್ಥೆ ಹೇಳಿದರೆ, ಕೇಳಿದವರು ಕೂಡಲೇ ಅದನ್ನು ಶೇ. 8.5 ಎಂದು ಓದಿಕೊಂಡು ಠೇವಣಿಯ ಬಡ್ಡಿಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಒಬ್ಬರಿಗೆ ಅದು ಒಳ್ಳೆಯ ಬಡ್ಡಿಯಾಗಿ ಕಾಣುತ್ತದೆ. ಇನ್ನೊಬ್ಬರಿಗೆ, ಅಸಲು ಹಿಂದಕ್ಕೆ ಬರುವುದಿಲ್ಲವೆಂದು ತಿಳಿದ ಕ್ಷಣವೇ, ಅದು ಮೋಸವಾಗಿ ಕಾಣುತ್ತದೆ. ಎರಡು ಎಣಿಕೆಗಳೂ ತಪ್ಪು, ಮತ್ತು ಎರಡಕ್ಕೂ ಮೂಲ ಒಂದೇ: ಆ 85 ಸಾವಿರವನ್ನು ಬಡ್ಡಿಯೆಂದು ಭಾವಿಸಿದ್ದು. ವಾಸ್ತವವಾಗಿ ಅದರಲ್ಲಿ ಮೂರು ಹರಿವುಗಳು ಬೆರೆತಿವೆ. ಒಂದು ಪಾಲು ಬಡ್ಡಿ, ಒಂದು ಪಾಲು ಕೊಂಡವರ ಸ್ವಂತ ಅಸಲೇ ತುಣುಕು ತುಣುಕಾಗಿ ಹಿಂದಿರುಗುವುದು, ಉಳಿದದ್ದು ಅದೇ ಗುಂಪಿನಲ್ಲಿ ಮೊದಲೇ ತೀರಿಕೊಂಡವರು ಬಿಟ್ಟುಹೋದ ಹಣ. ಈ ಮೂರನೆಯ ಪಾಲು ಬೇರೆ ಯಾವ ಉಳಿತಾಯದಲ್ಲೂ ಇಲ್ಲ, ಆದ್ದರಿಂದ ಆನ್ಯುಟಿಯ ಬೆಲೆಯನ್ನು ಅರಿಯುವುದೆಂದರೆ ಮುಖ್ಯವಾಗಿ ಅದನ್ನು ಅರಿಯುವುದೇ ಆಗಿದೆ.

ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆಂದು ತೋರಿಸುವ ನಿಜವಾದ ಮರಣ ಕೋಷ್ಟಕವು ನೂರಾರು ಅಂಕಿಗಳ ರಾಶಿಯಾಗಿರುವುದರಿಂದ, ಲೆಕ್ಕದ ಎಲುಬು ಕಾಣುವಂತೆ ಒಂದು ಪುಟ್ಟ ಜಗತ್ತನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ನಿವೃತ್ತರಾದವರಲ್ಲಿ ಅರ್ಧದಷ್ಟು ಜನ ಸರಿಯಾಗಿ 10 ವರ್ಷ ಬದುಕುತ್ತಾರೆ, ಉಳಿದರ್ಧ ಜನ 30 ವರ್ಷ ಬದುಕುತ್ತಾರೆ; ಯಾರು ಯಾವ ಗುಂಪಿಗೆ ಸೇರಿದವರೆಂದು ಯಾರಿಗೂ ಮೊದಲೇ ತಿಳಿಯದು. ಬಡ್ಡಿ ದರ ವರ್ಷಕ್ಕೆ ಶೇ. 6. ಪ್ರತಿ ವರ್ಷದ ಕೊನೆಯಲ್ಲಿ 1 ರೂಪಾಯಿ ಕೊಡುವುದಾಗಿ ಒಪ್ಪಿದ ಸಂಸ್ಥೆ ಇವತ್ತು ಎಷ್ಟು ಹಣ ಪಡೆಯಬೇಕು? ಒಂದು ವರ್ಷದ ನಂತರ ಕೊಡಬೇಕಾದ 1 ರೂಪಾಯಿಗೆ ಇಂದು 94 ಪೈಸೆ ತೆಗೆದಿಟ್ಟರೆ ಸಾಕು, ಹತ್ತು ವರ್ಷದ ನಂತರದ ರೂಪಾಯಿಗೆ 56 ಪೈಸೆ, ಮೂವತ್ತನೆಯ ವರ್ಷದ ರೂಪಾಯಿಗೆ 17 ಪೈಸೆ. ಹೀಗೆ ಭವಿಷ್ಯದ ಒಂದೊಂದು ಕಂತನ್ನೂ ಇಂದಿನ ಮೌಲ್ಯಕ್ಕೆ ಇಳಿಸಿ ಕೂಡಿಸಿದಾಗ, 10 ವರ್ಷ ಬದುಕುವವರಿಗಾಗಿ 7.36 ರೂಪಾಯಿಯೂ, 30 ವರ್ಷ ಬದುಕುವವರಿಗಾಗಿ 13.76 ರೂಪಾಯಿಯೂ ಬೇಕಾಗುತ್ತದೆ. ಇವೆರಡರ ಸರಾಸರಿಯಾದ 10.56 ನ್ಯಾಯವಾದ ಬೆಲೆ. ಅಂದರೆ 10 ಲಕ್ಷ ಕೊಟ್ಟವರಿಗೆ ವರ್ಷಕ್ಕೆ ಸುಮಾರು 94,670 ಸಲ್ಲಬೇಕು. ನಿಜ ಜಗತ್ತಿನ ಆಕ್ಚುಯರಿ, ಅಂದರೆ ವಿಮೆಯ ಲೆಕ್ಕ ಕಟ್ಟುವ ತಜ್ಞರು, ಮಾಡುವುದೂ ಇದನ್ನೇ: ಪ್ರತಿ ವರ್ಷದ ಕಂತನ್ನು ಆ ವರ್ಷದವರೆಗೆ ಬದುಕಿರುವ ಸಂಭವನೀಯತೆಯಿಂದ ಗುಣಿಸಿ, ಬಡ್ಡಿಯ ಲೆಕ್ಕದಲ್ಲಿ ಇಂದಿಗೆ ಇಳಿಸಿ, ಎಲ್ಲವನ್ನೂ ಕೂಡಿಸುತ್ತಾರೆ.

ಇಲ್ಲಿ ಜಾಣರೂ ಎಡವುವ ಒಂದು ಜಾಗವಿದೆ. ಈ ಜನರ ಸರಾಸರಿ ಆಯುಷ್ಯ 20 ವರ್ಷವಾದ್ದರಿಂದ, 20 ವರ್ಷಗಳ ಕಂತಿನ ಬೆಲೆ ಕಟ್ಟಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ 20 ವರ್ಷಗಳ ಕಂತಿನ ಬೆಲೆ 11.47, ನ್ಯಾಯವಾದ ಬೆಲೆಗಿಂತ ಶೇ. 8ಕ್ಕೂ ಹೆಚ್ಚು. ದೂರದ ವರ್ಷಗಳ ಕಂತುಗಳು ಇಂದಿನ ಲೆಕ್ಕದಲ್ಲಿ ಅಗ್ಗವಾಗಿರುವುದರಿಂದ, ಒಬ್ಬರು ಹತ್ತು ವರ್ಷ ಬೇಗ ಸತ್ತಾಗ ಉಳಿಯುವ ಹಣವು ಇನ್ನೊಬ್ಬರು ಹತ್ತು ವರ್ಷ ಹೆಚ್ಚು ಬದುಕಿದಾಗ ತಗಲುವ ಹಣಕ್ಕಿಂತ ಜಾಸ್ತಿ. ಹಾಗಾಗಿ ಸರಾಸರಿ ಆಯುಷ್ಯವೊಂದನ್ನೇ ಹಿಡಿದು ಆನ್ಯುಟಿಯ ಬೆಲೆಯನ್ನು ಅಳೆಯುವ ಲೆಕ್ಕವು, ಬಡ್ಡಿ ಸೊನ್ನೆಗಿಂತ ಮೇಲಿದ್ದರೆ, ಯಾವಾಗಲೂ ಹೆಚ್ಚಿನ ಬೆಲೆಯನ್ನೇ ತೋರಿಸುತ್ತದೆ.

ಈ ಲೆಕ್ಕ ಮನುಷ್ಯರಿಗೆ ಸುಲಭವಾಗಿ ಒಲಿಯಲಿಲ್ಲ. ಜೀವನಾಂಶದ ಹಕ್ಕುಗಳಿಗೆ ಬೆಲೆ ಕಟ್ಟಲು ರೋಮನ್ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ 3ನೇ ಶತಮಾನದಲ್ಲಿ ಒಂದು ಪಟ್ಟಿ ಕೊಟ್ಟಿದ್ದ. ಅದರಲ್ಲಿ 20 ವರ್ಷದೊಳಗಿನವರಿಗೆ 30 ವರ್ಷದ ಆದಾಯ, 60 ದಾಟಿದವರಿಗೆ 5 ವರ್ಷದ ಆದಾಯ ಎಂದು ಗುಣಕಗಳಿದ್ದವು. ವಯಸ್ಸಿನ ಅರಿವು ಅದರಲ್ಲಿತ್ತು, ಬಡ್ಡಿಯ ಅರಿವು ಇರಲಿಲ್ಲ. ಸಾವಿರದ ನಾನೂರು ವರ್ಷಗಳ ನಂತರ, 1671ರಲ್ಲಿ, ಹಾಲೆಂಡಿನ ಆಡಳಿತಗಾರ ಯೋಹಾನ್ ಡೆ ವಿಟ್ ಎರಡನ್ನೂ ಒಟ್ಟಿಗೆ ಹೆಣೆದು, ಶೇ. 4ರ ಬಡ್ಡಿಯಲ್ಲಿ, ಎಳೆಯ ವಯಸ್ಸಿನವರ ಹೆಸರಿನ ಜೀವಾವಧಿ ಆನ್ಯುಟಿಯ ಬೆಲೆ ಸುಮಾರು 16 ವರ್ಷದ ಆದಾಯದಷ್ಟಾಗಬೇಕೆಂದು ತೋರಿಸಿದ. ಸರ್ಕಾರ ಆಗ ಅದನ್ನು 14ಕ್ಕೆ ಮಾರುತ್ತಿತ್ತು. 1693ರಲ್ಲಿ ಎಡ್ಮಂಡ್ ಹ್ಯಾಲಿ (ಧೂಮಕೇತುವಿಗೆ ಹೆಸರು ಕೊಟ್ಟವನೇ) ಬ್ರೆಸ್ಲಾವ್ ನಗರದ ಜನನ ಮರಣಗಳ ದಾಖಲೆಯಿಂದ ಮರಣ ಕೋಷ್ಟಕವೊಂದನ್ನು ಕಟ್ಟಿ, ಶೇ. 6ರ ಬಡ್ಡಿಯಲ್ಲಿ ಪ್ರತಿ ವಯಸ್ಸಿನ ಬೆಲೆಯನ್ನೂ ಲೆಕ್ಕ ಹಾಕಿದ. ಅವನ ಪಟ್ಟಿಯಂತೆ 10 ವರ್ಷದ ಮಗುವಿಗೆ 13.44, 60 ವರ್ಷದವರಿಗೆ 7.60. ಅದೇ ದಶಕದಲ್ಲಿ ಇಂಗ್ಲೆಂಡಿನ ಸರ್ಕಾರ ಯುದ್ಧದ ಖರ್ಚಿಗೆಂದು ಶೇ. 14ರ ದರದಲ್ಲಿ, ಅಂದರೆ ಸುಮಾರು ಏಳು ವರ್ಷದ ಆದಾಯದ ಬೆಲೆಗೆ, ವಯಸ್ಸನ್ನೇ ಕೇಳದೆ ಎಲ್ಲರಿಗೂ ಜೀವಾವಧಿ ಆನ್ಯುಟಿಗಳನ್ನು ಮಾರಿತು.

ವಯಸ್ಸು ಕೇಳದೆ ಮಾರಿದರೆ ಏನಾಗುತ್ತದೆಂಬುದನ್ನು 18ನೇ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಖಜಾನೆ ತನ್ನ ಖರ್ಚಿನಲ್ಲೇ ಕಲಿತುಕೊಂಡಿತು. ಅಲ್ಲಿ ಹಣ ಹಾಕುವವರೊಬ್ಬರು, ಯಾರ ಜೀವಿತಾವಧಿಗೆ ಕಂತು ಕಟ್ಟಿಕೊಂಡಿದೆಯೋ ಅವರು ಇನ್ನೊಬ್ಬರು ಆಗಬಹುದಿತ್ತು. ಜಿನೀವಾದ ಬ್ಯಾಂಕರುಗಳು ಸಿಡುಬಿನಿಂದ ಪಾರಾದ, ಅನುಕೂಲಸ್ಥ ಮನೆಗಳ ಪುಟ್ಟ ಹುಡುಗಿಯರನ್ನು ವೈದ್ಯರಿಂದ ಪರೀಕ್ಷಿಸಿ ಆರಿಸಿ, ಮೂವತ್ತು ಮೂವತ್ತು ಹೆಸರುಗಳ ಗುಂಪು ಕಟ್ಟಿ, ಅವರ ಆಯುಷ್ಯದ ಮೇಲೆ ಸಾಲು ಸಾಲಾಗಿ ಆನ್ಯುಟಿಗಳನ್ನು ಕೊಂಡರು. ಇದರಲ್ಲಿ ವಂಚನೆಯೇನೂ ಇರಲಿಲ್ಲ. ತಪ್ಪು ಬೆಲೆಯನ್ನು ಸರಿಯಾಗಿ ಓದಿದವರ ವ್ಯವಹಾರವಷ್ಟೇ ಇತ್ತು.

ಮತ್ತೆ ಆ ಮೂರನೆಯ ಪಾಲಿನ ಕಡೆಗೆ ಬರೋಣ. 80 ವರ್ಷದ 100 ಜನ ತಲಾ 100 ರೂಪಾಯಿ ಒಂದೆಡೆ ಸೇರಿಸಿ, ವರ್ಷದ ಕೊನೆಯಲ್ಲಿ ಬದುಕಿರುವವರು ಹಂಚಿಕೊಳ್ಳುವುದೆಂದು ಒಪ್ಪಿಕೊಂಡರೆನ್ನೋಣ. ಶೇ. 6ರ ಬಡ್ಡಿಯಲ್ಲಿ ಆ 10,000 ರೂಪಾಯಿ 10,600 ಆಗುತ್ತದೆ. ಅಷ್ಟರಲ್ಲಿ 5 ಜನ ತೀರಿಕೊಂಡಿದ್ದರೆ, ಉಳಿದ 95 ಜನರಿಗೆ ತಲಾ 111.58 ಬರುತ್ತದೆ, ಗಳಿಕೆ ಶೇ. 11.58. ಅದೇ ವ್ಯವಸ್ಥೆಯಲ್ಲಿ ನೂರಕ್ಕೆ ಒಬ್ಬರೇ ಸಾಯುವ ವಯಸ್ಸಿನವರಿಗೆ ಸಿಗುವುದು ಶೇ. 7.07 ಮಾತ್ರ, ನೂರಕ್ಕೆ 15 ಜನ ಸಾಯುವ ಇಳಿವಯಸ್ಸಿನವರಿಗೆ ಶೇ. 24.7. ಬೆಂಜಮಿನ್ ಗೊಂಪರ್ಟ್ಸ್ 1825ರಲ್ಲಿ ಗುರುತಿಸಿದಂತೆ, ನಡುವಯಸ್ಸಿನಿಂದಾಚೆಗೆ ಸಾವಿನ ಸಂಭವವು ವಯಸ್ಸಿನೊಡನೆ ಗುಣಾಕಾರದಲ್ಲಿ ಏರುತ್ತ ಹೋಗುತ್ತದೆ, ಇಂತಿಷ್ಟು ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ಆದ್ದರಿಂದ ಈ ಪಾಲು 60ರ ಆಸುಪಾಸಿನಲ್ಲಿ ಅಲ್ಪ, 80 ದಾಟಿದ ಮೇಲೆ ಅಗಾಧ. ಚಿಕ್ಕ ವಯಸ್ಸಿನಲ್ಲಿ ಕೊಂಡ ಆನ್ಯುಟಿ ಸಪ್ಪೆಯಾಗಿ ಕಾಣುವುದಕ್ಕೂ, ತಡವಾಗಿ ಕೊಂಡದ್ದರ ದರ ಆಕರ್ಷಕವಾಗಿ ಕಾಣುವುದಕ್ಕೂ ಕಾರಣ ಇದೇ ಹೊರತು ಸಂಸ್ಥೆಯ ಔದಾರ್ಯವಲ್ಲ.

ಈಗ ‘ಅಸಲು ವಾಪಸ್’ ಎಂಬ ಆಯ್ಕೆಯನ್ನು ಇದೇ ಬೆಳಕಿನಲ್ಲಿ ನೋಡಬೇಕು, ಏಕೆಂದರೆ ಬಹಳ ಮಂದಿ ಕಣ್ಣುಮುಚ್ಚಿ ಆರಿಸಿಕೊಳ್ಳುವುದು ಇದನ್ನೇ. ಕೊಂಡವರು ಸತ್ತಾಗ ಪೂರ್ತಿ ಖರೀದಿ ಬೆಲೆಯನ್ನು ನಾಮಿನಿಗೆ ಹಿಂದಿರುಗಿಸುವುದಾದರೆ, ಸತ್ತವರ ಹಣ ಬದುಕಿರುವವರಿಗೆ ಸೇರುವ ದಾರಿಯೇ ಮುಚ್ಚಿಹೋಗುತ್ತದೆ. ಸ್ವಂತ ಅಸಲು ಕರಗುವ ಪ್ರಶ್ನೆಯೂ ಉಳಿಯುವುದಿಲ್ಲ. ಮೂರು ಹರಿವುಗಳಲ್ಲಿ ಬಡ್ಡಿಯೊಂದೇ ಉಳಿಯುತ್ತದೆ. ಸತ್ತ ವರ್ಷದ ಕಂತೂ ಅಸಲಿನ ಜೊತೆಗೇ ಸಲ್ಲುತ್ತದೆಂದು ಇಟ್ಟುಕೊಂಡರೆ, ಇಂಥ ಆನ್ಯುಟಿಯ ನ್ಯಾಯವಾದ ದರವು ಬಡ್ಡಿ ದರಕ್ಕೆ ಸರಿಯಾಗಿ ಸಮನಾಗಿರುತ್ತದೆ, ಕೊಂಡವರ ವಯಸ್ಸು ಎಷ್ಟೇ ಇರಲಿ. ನಮ್ಮ ಪುಟ್ಟ ಜಗತ್ತಿನಲ್ಲಿ ಅದು 10 ಲಕ್ಷಕ್ಕೆ 60,000. ಅಸಲನ್ನು ಬಿಟ್ಟುಕೊಟ್ಟವರಿಗೆ ಸಿಗುವ 94,670ಕ್ಕೂ ಇದಕ್ಕೂ ಇರುವ ಸುಮಾರು 34,670ರ ಅಂತರವೇ ವಾರಸುದಾರರಿಗಾಗಿ ತೆರುವ ಬೆಲೆ. ತೆರಬಾರದೆಂದು ನನ್ನ ವಾದವಲ್ಲ. ಆದರೆ ಇದು ವಿಮೆಯ ವೇಷ ತೊಟ್ಟ ದೀರ್ಘಾವಧಿ ಠೇವಣಿ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು. ಇದರಲ್ಲಿರುವ ನಿಜವಾದ ಲಾಭ, ಇಂದಿನ ಬಡ್ಡಿ ದರ ಬದುಕಿನುದ್ದಕ್ಕೂ ಇಳಿಯದಂತೆ ಕಟ್ಟಿಹಾಕಿಕೊಳ್ಳುವುದು.

ಉಳಿದ ಆಯ್ಕೆಗಳನ್ನು ಚುಟುಕಾಗಿ ಹೇಳಬಹುದು. ಗಂಡ ಹೆಂಡತಿ ಇಬ್ಬರಲ್ಲಿ ಕೊನೆಯವರು ಇರುವವರೆಗೂ ಪೂರ್ತಿ ಕಂತು ಬರಬೇಕೆಂದರೆ ಸಂಸ್ಥೆ ಕೊಡಬೇಕಾದ ವರ್ಷಗಳು ಹೆಚ್ಚುತ್ತವೆ. ನಮ್ಮ ಜಗತ್ತಿನಲ್ಲಿ, ಇಬ್ಬರ ಆಯುಷ್ಯವೂ ಒಂದಕ್ಕೊಂದು ಸಂಬಂಧವಿಲ್ಲದೆ 10 ಅಥವಾ 30 ಎಂದುಕೊಂಡರೆ, 1 ರೂಪಾಯಿ ಕಂತಿನ ಬೆಲೆ, ಅಂದರೆ ಗುಣಕ, 10.56ರಿಂದ 12.16ಕ್ಕೆ ಏರಿ ಕಂತು 82,210ರ ಆಸುಪಾಸಿಗೆ ಇಳಿಯುತ್ತದೆ. ಬದುಕಿದರೂ ಸತ್ತರೂ ಮೊದಲ ಇಂತಿಷ್ಟು ವರ್ಷ ಕೊಟ್ಟೇ ಕೊಡುತ್ತೇವೆಂಬ ಖಾತರಿ ಅವಧಿಯ ಬೆಲೆ ನಿವೃತ್ತಿಯ ಆರಂಭದ ವಯಸ್ಸಿನಲ್ಲಿ ಅಲ್ಪ, ಏಕೆಂದರೆ ಆ ವರ್ಷಗಳಲ್ಲಿ ಸಾಯುವವರೇ ಕಡಿಮೆ. ಹಣದುಬ್ಬರಕ್ಕೆ ಮದ್ದಾಗಿ ವರ್ಷಕ್ಕೆ ಶೇ. 3ರಂತೆ ಏರುವ ಕಂತನ್ನು ಕೇಳಿದರೆ ಮೊದಲ ವರ್ಷ 94,670ರ ಬದಲು 72,560 ಮಾತ್ರ ಸಿಗುತ್ತದೆ. ಏರುತ್ತ ಏರುತ್ತ ಅದು ಸಮತಟ್ಟಾದ ಕಂತನ್ನು ಮುಟ್ಟುವುದು ಹತ್ತನೆಯ ವರ್ಷದಲ್ಲಿ. ಮೊದಲ ವರ್ಷದ ಮೊತ್ತ ನೋಡಿ ಹಿಂಜರಿಯುವವರು ಇನ್ನೊಂದು ಅಂಕಿಯನ್ನೂ ನೋಡಬೇಕು: ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ, ಇಪ್ಪತ್ತು ವರ್ಷಗಳ ನಂತರ ಸಮತಟ್ಟಾದ 100 ರೂಪಾಯಿಯ ಕೊಳ್ಳುವ ಶಕ್ತಿ ಇಂದಿನ 38 ರೂಪಾಯಿಯಷ್ಟೇ.

ಈವರೆಗೆ ಹೇಳಿದ್ದು ನ್ಯಾಯವಾದ ಬೆಲೆ. ಸಂಸ್ಥೆ ಕೇಳುವ ಬೆಲೆ ಅದಕ್ಕಿಂತ ಹೆಚ್ಚಿರುತ್ತದೆ, ಮತ್ತು ಆ ಹೆಚ್ಚಳಕ್ಕೆ ಕಮಿಷನ್, ಆಡಳಿತ ವೆಚ್ಚ, ಲಾಭ ಎಂಬ ಎಲ್ಲರಿಗೂ ತಿಳಿದ ಕಾರಣಗಳಲ್ಲದೆ ಇನ್ನೂ ಕೆಲವು ಕಾರಣಗಳಿವೆ. ಮೊದಲನೆಯದು, ಕೊಳ್ಳಲು ಬರುವವರೇ ಒಂದು ವಿಶೇಷ ಗುಂಪು. ತನಗೆ ಹೆಚ್ಚು ದಿನವಿಲ್ಲವೆಂದು ಬಲ್ಲವರು ಇತ್ತ ಸುಳಿಯುವುದಿಲ್ಲ. ಆರೋಗ್ಯವಂತರು, ದೀರ್ಘಾಯುಷಿಗಳ ಮನೆತನದವರು, ಅನುಕೂಲಸ್ಥರು ಬರುತ್ತಾರೆ. ಆದ್ದರಿಂದ ಸಂಸ್ಥೆ ಇಡೀ ಜನಸಂಖ್ಯೆಯ ಮರಣ ಕೋಷ್ಟಕವನ್ನು ಬಿಟ್ಟು, ಆನ್ಯುಟಿ ಕೊಂಡವರದೇ ಪ್ರತ್ಯೇಕ ಕೋಷ್ಟಕವನ್ನು ಬಳಸುತ್ತದೆ. ಎರಡನೆಯದು, ಇಂದು 65 ವರ್ಷವಾಗಿರುವವರು 85ನೇ ವಯಸ್ಸಿಗೆ ಕಾಲಿಡುವಾಗ ಇರುವ ಮರಣ ಪ್ರಮಾಣ ಇಂದಿನ 85 ವರ್ಷದವರದ್ದಲ್ಲ. ವೈದ್ಯಕೀಯ ಸುಧಾರಣೆಯನ್ನು ಊಹಿಸಿ ಸೇರಿಸಬೇಕು. ನಮ್ಮ ಜಗತ್ತಿನಲ್ಲಿ ಎರಡೂ ಗುಂಪಿನವರು ಎರಡೆರಡು ವರ್ಷ ಹೆಚ್ಚು ಬದುಕಿಬಿಟ್ಟರೆ ಸಂಸ್ಥೆಯ ಹೊರೆ ಶೇ. 6.4ರಷ್ಟು ಹೆಚ್ಚುತ್ತದೆ. ಬಡ್ಡಿ ಶೇ. 2ಕ್ಕೆ ಇಳಿದಿರುವ ಕಾಲದಲ್ಲಿ ಅದೇ ತಪ್ಪಿನ ಬೆಲೆ ಶೇ. 8.5, ಏಕೆಂದರೆ ಬಡ್ಡಿ ಕಡಿಮೆಯಿದ್ದಾಗ ದೂರದ ವರ್ಷಗಳು ಅಗ್ಗವಾಗಿ ಉಳಿಯುವುದಿಲ್ಲ. ಮತ್ತೂ ಒಂದು ಕಾರಣವೆಂದರೆ, ಒಬ್ಬೊಬ್ಬರ ಆಯುಷ್ಯದ ಏರುಪೇರು ದೊಡ್ಡ ಗುಂಪಿನಲ್ಲಿ ಸಮನಾಗಿಬಿಡುತ್ತದಾದರೂ, ಎಲ್ಲರೂ ಒಟ್ಟಿಗೆ ಹೆಚ್ಚು ಬದುಕುವ ಅಪಾಯವು ಗುಂಪು ಎಷ್ಟೇ ದೊಡ್ಡದಾದರೂ ಕರಗುವುದಿಲ್ಲ. ಅದಕ್ಕಾಗಿ ನಿಯಂತ್ರಕರು ಕಡ್ಡಾಯ ಮಾಡಿರುವ ಮೀಸಲು ಬಂಡವಾಳದ ವೆಚ್ಚವೂ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಇವೆಲ್ಲಕ್ಕಿಂತ ಬೆಲೆಯನ್ನು ಹೆಚ್ಚು ಅಲುಗಾಡಿಸುವುದು ಬಡ್ಡಿ ದರ. ಸಂಸ್ಥೆ ಪಡೆದ ಹಣವನ್ನು ಬಹುಪಾಲು ದೀರ್ಘಾವಧಿ ಬಾಂಡ್‌ಗಳಲ್ಲಿ ತೊಡಗಿಸುತ್ತದೆ, ಹಾಗಾಗಿ ಕೊಳ್ಳುವ ದಿನದ ಬಾಂಡ್ ಇಳುವರಿಯೇ ಬದುಕಿನುದ್ದದ ಕಂತನ್ನು ತೀರ್ಮಾನಿಸುತ್ತದೆ. ನಮ್ಮ 10 ಲಕ್ಷಕ್ಕೆ ಶೇ. 4ರ ಬಡ್ಡಿಯಲ್ಲಿ 78,730 ಬರುತ್ತಿದ್ದರೆ, ಶೇ. 8ರಲ್ಲಿ 1,11,310 ಬರುತ್ತದೆ. ಒಂದೇ ವಯಸ್ಸಿನ, ಒಂದೇ ಉಳಿತಾಯದ ಇಬ್ಬರು ಕೆಲವೇ ವರ್ಷಗಳ ಅಂತರದಲ್ಲಿ ನಿವೃತ್ತರಾಗಿ ಇಷ್ಟು ವ್ಯತ್ಯಾಸದ ಬದುಕನ್ನು ಪಡೆಯಬಹುದು. ಬ್ರಿಟನ್ನಿನ ಈಕ್ವಿಟೆಬಲ್ ಲೈಫ್ ಸಂಸ್ಥೆ ಬಡ್ಡಿ ಮೇಲಿದ್ದ ಕಾಲದಲ್ಲಿ, ಮುಂದೆಂದೋ ನಿವೃತ್ತರಾಗುವವರಿಗೆ ಇಂತಿಷ್ಟು ಆನ್ಯುಟಿ ದರ ಕೊಟ್ಟೇ ಕೊಡುವುದಾಗಿ ಪಾಲಿಸಿಗಳಲ್ಲಿ ಬರೆದುಕೊಟ್ಟಿತ್ತು. 1990ರ ದಶಕದಲ್ಲಿ ಬಡ್ಡಿ ಇಳಿಯಿತು, ಆಯುಷ್ಯ ಏರಿತು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಆ ಭರವಸೆಯೇ ಭಾರವಾಯಿತು. ನ್ಯಾಯಾಲಯದಲ್ಲಿ ಸೋತ ಆ ಸಂಸ್ಥೆ 2000ದ ಡಿಸೆಂಬರಿನಲ್ಲಿ ಹೊಸ ವ್ಯವಹಾರವನ್ನೇ ನಿಲ್ಲಿಸಿತು. ಆನ್ಯುಟಿಯ ಬೆಲೆಯಲ್ಲಿ ಕಾಣುವ ಅತಿಯಾದ ಎಚ್ಚರಿಕೆಗೆ ಇಂಥ ಇತಿಹಾಸವೂ ಕಾರಣ.

ಹೆಂಗಸರು ಸರಾಸರಿಯಲ್ಲಿ ಹೆಚ್ಚು ವರ್ಷ ಬದುಕುವುದರಿಂದ ಲೆಕ್ಕದ ಪ್ರಕಾರ ಅವರಿಗೆ ಸಿಗುವ ಕಂತು ಕಡಿಮೆ. ಇದು ತಾರತಮ್ಯವೋ ಗಣಿತವೋ ಎಂಬ ಜಗಳ ಯುರೋಪಿನ ನ್ಯಾಯಾಲಯದ ಮುಂದೆ ಬಂದಾಗ, 2011ರ ತೀರ್ಪು ಗಣಿತವನ್ನು ಬದಿಗಿಟ್ಟಿತು. 2012ರ ಡಿಸೆಂಬರ್ 21ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೊಸ ವಿಮಾ ಒಪ್ಪಂದಗಳ ಬೆಲೆಯಲ್ಲಿ ಗಂಡು ಹೆಣ್ಣೆಂಬ ಭೇದ ಮಾಡುವಂತಿಲ್ಲ.

ಇನ್ನು ಕೊಳ್ಳುವವರ ಕಡೆಯ ಲೆಕ್ಕ. ಸಂಸ್ಥೆಯ ಬೆಲೆ ಸರಿಯೋ ಅಲ್ಲವೋ ಎಂದು ಅಳೆಯುವ ಸರಳ ಮಾರ್ಗವೆಂದರೆ, ಸಿಗಲಿರುವ ಕಂತುಗಳ ನಿರೀಕ್ಷಿತ ಇಂದಿನ ಮೌಲ್ಯವನ್ನು ಕೊಟ್ಟ ಬೆಲೆಯಿಂದ ಭಾಗಿಸುವುದು. ಸಂಸ್ಥೆ ತನ್ನ ಖರ್ಚು, ಎಚ್ಚರಿಕೆ, ಲಾಭಗಳಿಗಾಗಿ ಹತ್ತರಲ್ಲಿ ಒಂದು ಪಾಲನ್ನು ಹಿಡಿದುಕೊಂಡು 94,670ರ ಬದಲು 85,200 ಕೊಟ್ಟಿತೆನ್ನೋಣ. ಆಗ ಈ ಅನುಪಾತ 0.90. ಅಮೆರಿಕದಲ್ಲಿ 1995ರ ಬೆಲೆಗಳನ್ನಿಟ್ಟುಕೊಂಡು ಒಲಿವಿಯಾ ಮಿಚೆಲ್ ಮತ್ತು ಸಂಗಡಿಗರು ಮಾಡಿದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 65 ವರ್ಷದ ಸಾಮಾನ್ಯ ಗಂಡಸಿಗೆ ಕೊಟ್ಟ ಪ್ರತಿ ಡಾಲರಿಗೆ 80ರಿಂದ 85 ಸೆಂಟ್‌ನಷ್ಟು ಮೌಲ್ಯ ಹಿಂದಿರುಗುತ್ತಿತ್ತು. ಆನ್ಯುಟಿ ಕೊಳ್ಳುವವರದೇ ಮರಣ ಕೋಷ್ಟಕದಲ್ಲಿ ಅಳೆದರೆ ಅನುಪಾತ ಇದಕ್ಕಿಂತ ಮೇಲಿರುತ್ತದೆ, ಏಕೆಂದರೆ ಅವರು ಕಂತು ಪಡೆಯುವ ವರ್ಷಗಳೇ ಹೆಚ್ಚು.

ಈ ಅನುಪಾತ ಒಂದಕ್ಕಿಂತ ಕಡಿಮೆಯಿದೆಯೆಂದು ಆನ್ಯುಟಿಯನ್ನು ತಳ್ಳಿಹಾಕುವುದು ಅವಸರದ ತೀರ್ಮಾನ. ಅದೇ 10 ಲಕ್ಷವನ್ನು ಸ್ವಂತ ಕೈಯಲ್ಲೇ ಇಟ್ಟುಕೊಂಡವರು, ತಾವು 10 ವರ್ಷದವರೋ 30 ವರ್ಷದವರೋ ತಿಳಿಯದಿರುವುದರಿಂದ, ಹಣವನ್ನು 30 ವರ್ಷ ಬರುವಂತೆ ಹಿಡಿದು ಖರ್ಚು ಮಾಡಬೇಕು, ಶೇ. 6ರ ಬಡ್ಡಿಯಲ್ಲಿ ಅವರಿಗೆ ದಕ್ಕುವುದು ವರ್ಷಕ್ಕೆ 72,650. ಸಂಸ್ಥೆ ಹತ್ತನೆಯ ಒಂದು ಪಾಲನ್ನು ತಿಂದ ಮೇಲೂ ಆನ್ಯುಟಿ ಕೊಡುವ 85,200 ಇದಕ್ಕಿಂತ ಶೇ. 17ರಷ್ಟು ಹೆಚ್ಚು. ಅಷ್ಟೇ ಆದಾಯವನ್ನು ಸ್ವಂತವಾಗಿ ಭದ್ರಪಡಿಸಿಕೊಳ್ಳಲು ಅವರಿಗೆ 11.73 ಲಕ್ಷ ಬೇಕಾಗುತ್ತಿತ್ತು. ಕೊಳ್ಳುವವರ ಪಾಲಿಗೆ ಆನ್ಯುಟಿಯ ಮೌಲ್ಯ ಇರುವುದು ಈ ಅಂಕಿಯಲ್ಲಿ. ಸಂಸ್ಥೆಯ ವೆಚ್ಚದ ಲೆಕ್ಕ ಅದನ್ನು ಹೇಳಲಾರದು. ಮೆನಾಹೆಮ್ ಯಾರಿ 1965ರಲ್ಲಿ ಗಣಿತದ ಮೂಲಕ ತೋರಿಸಿದ್ದೂ ಇದೇ ದಿಕ್ಕಿನದು: ಬೆಲೆ ನ್ಯಾಯವಾಗಿದ್ದು, ವಾರಸುದಾರರಿಗೆ ಬಿಟ್ಟುಹೋಗುವ ಆಸೆಯಿಲ್ಲದಿದ್ದರೆ, ಎಲ್ಲ ಉಳಿತಾಯವನ್ನೂ ಆನ್ಯುಟಿಗೆ ಬದಲಾಯಿಸುವುದೇ ಉತ್ತಮ. ಆದರೆ ಸ್ವಂತವಾಗಿ ಖರ್ಚು ಮಾಡಿಕೊಂಡವರು ಹತ್ತನೆಯ ವರ್ಷವೇ ತೀರಿಕೊಂಡರೆ ಅವರ ಮನೆಯವರಿಗೆ ಸುಮಾರು 8.33 ಲಕ್ಷ ಉಳಿದಿರುತ್ತದೆ, ಆನ್ಯುಟಿ ಕೊಂಡವರ ಮನೆಯವರಿಗೆ ಏನೂ ಇರುವುದಿಲ್ಲ. ಮಕ್ಕಳಿಗಾಗಿ ಉಳಿಸುವ ಆಸೆ ಎಷ್ಟಿದೆ, ದಿಢೀರನೆ ಆಸ್ಪತ್ರೆಯ ಖರ್ಚು ಬಂದರೆ ಕೈಯಲ್ಲಿ ಏನಿರಬೇಕು, ಜೀವನವಿಡೀ ಬರುವ ಬೇರೆ ಪಿಂಚಣಿ ಈಗಾಗಲೇ ಎಷ್ಟಿದೆ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಈ 8.33 ಲಕ್ಷ ದೊಡ್ಡದೋ ಸಣ್ಣದೋ ಎಂಬುದು ನಿಲ್ಲುತ್ತದೆ. ನಿವೃತ್ತರು ಉಳಿತಾಯದ ಒಂದಂಶವನ್ನಷ್ಟೇ ಆನ್ಯುಟಿಗೆ ಹಾಕುವುದನ್ನು ಅರ್ಥಶಾಸ್ತ್ರಜ್ಞರು ಒಗಟೆಂದು ಕರೆಯುತ್ತ ಬಂದಿದ್ದಾರೆ. ನನಗೆ ಅದು ಅಷ್ಟೇನೂ ಒಗಟಾಗಿ ತೋರುವುದಿಲ್ಲ.

ಈಗಾಗಲೇ ಪಿಂಚಣಿಯ ಹಕ್ಕಿರುವವರು ಅದರ ಮೌಲ್ಯವನ್ನು ಅಳೆಯುವಾಗಲೂ, ಅದರ ಒಂದು ಭಾಗವನ್ನು ಇಡುಗಂಟಾಗಿ ಪಡೆಯಬೇಕೆ ಬೇಡವೇ ಎಂದು ತೂಗುವಾಗಲೂ ಇದೇ ಗುಣಕ ಬಳಕೆಗೆ ಬರುತ್ತದೆ. ಬಿಟ್ಟುಕೊಡುವ ಪ್ರತಿ 1 ರೂಪಾಯಿ ವಾರ್ಷಿಕ ಪಿಂಚಣಿಗೆ ಎಷ್ಟು ಇಡುಗಂಟು ಸಿಗುತ್ತದೆಂದು ನೋಡಿ, ಮಾರುಕಟ್ಟೆಯಲ್ಲಿ ಅದೇ ವಯಸ್ಸಿಗೆ ಅಂಥದೇ ಆನ್ಯುಟಿ ಕೊಳ್ಳಲು ಎಷ್ಟು ಬೇಕೆಂಬುದರೊಡನೆ ಹೋಲಿಸಬೇಕು. ಇಲ್ಲಿ ಆಗಾಗ ಕಾಣುವ ಒಂದು ಚಮತ್ಕಾರದ ಬಗ್ಗೆ ಎಚ್ಚರವಿರಲಿ. ಖಚಿತವಾಗಿ ಬರುವ ಕಂತುಗಳನ್ನು, ಷೇರುಗಳಿಂದ ಸಿಗಬಹುದೆಂದು ನಿರೀಕ್ಷಿಸುವ ಶೇ. 12ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ, 10 ಲಕ್ಷ ಕೊಟ್ಟು ಕೊಂಡ ಆ 85,200ರ ಆನ್ಯುಟಿ 5.84 ಲಕ್ಷ ಮಾತ್ರ ಬಾಳುವಂತೆ ಕಾಣಿಸುತ್ತದೆ. ಕಂತು ಎಷ್ಟು ಭದ್ರವೋ ಅಷ್ಟೇ ಭದ್ರವಾದ ಬಾಂಡ್‌ನ ಇಳುವರಿಯಲ್ಲಿ ಅದನ್ನು ಇಳಿಸಬೇಕು. ಅಪಾಯವಿರುವ ಹೂಡಿಕೆಯ ದರವನ್ನು ಅಪಾಯವಿಲ್ಲದ ಆದಾಯದ ಮೇಲೆ ಹೇರಿದರೆ ಯಾವ ಪಿಂಚಣಿಯೂ ಪ್ರಯೋಜನಕ್ಕೆ ಬಾರದ್ದೆಂದು ಸಾಧಿಸಿಬಿಡಬಹುದು.

ಕೊಳ್ಳುವ ಮೊದಲು ತೂಗಬೇಕಾದ ಇನ್ನೊಂದು ಅಂಶವೆಂದರೆ ಸ್ವಂತ ಆರೋಗ್ಯ. ಕೋಷ್ಟಕದ ಸರಾಸರಿಗಿಂತ ತಮ್ಮ ಆಯುಷ್ಯ ಕಡಿಮೆಯೆಂದು ನಂಬಲು ವೈದ್ಯಕೀಯ ಕಾರಣವಿರುವವರಿಗೆ ಸಾಮಾನ್ಯ ಆನ್ಯುಟಿ ನಷ್ಟದ ವ್ಯವಹಾರ; ಆರೋಗ್ಯದ ವಿವರ ಕೇಳಿ, ಕಾಯಿಲೆಯಿರುವವರಿಗೆ ಹೆಚ್ಚಿನ ಕಂತು ಕೊಡುವ ಆನ್ಯುಟಿಗಳು ಬ್ರಿಟನ್ನಿನಂಥ ಮಾರುಕಟ್ಟೆಗಳಲ್ಲಿ ಸಿಗುತ್ತವೆ. ಸಾಮಾನ್ಯವಾಗಿ ಜೀವ ವಿಮೆ ಕೊಳ್ಳುವಾಗ ಮುಚ್ಚಿಡಬೇಕೆನ್ನಿಸುವ ಸಕ್ಕರೆ ಕಾಯಿಲೆ, ಹೃದ್ರೋಗ, ಧೂಮಪಾನದ ಚಟಗಳನ್ನು ಅಲ್ಲಿ ಒಂದನ್ನೂ ಬಿಡದೆ ಬರೆದುಕೊಡುವುದೇ ಲಾಭ.